ಬಸ್ಸಿನ ಬೆನ್ನ ಮೇಲೆ ನಮ್ಮ ಶಾಲೆಯ ಹುಡುಗಿ

ಕೊರೊನಾ ಮುಗಿದು ಶಾಲೆಗಳು ಪೂರ್ತಿ ತೆರೆದ ಮರುವರ್ಷ ನಾನು ಮಂಗಳೂರು ನಗರದ ಒಂದು ಕ್ಲಸ್ಟರಿನಲ್ಲಿ ಸಿ.ಆರ್.ಪಿ. ಆಗಿದ್ದೆ. ಸಿ.ಆರ್.ಪಿ. ಎಂದರೆ ಸಮೂಹ ಸಂಪನ್ಮೂಲ ವ್ಯಕ್ತಿ. ಹೆಸರು ಕೇಳಲು ಭಾರಿ, ಕೆಲಸ ಇಷ್ಟೇ: ಹನ್ನೊಂದು ಸರಕಾರಿ ಶಾಲೆಗಳನ್ನು ಸುತ್ತುವುದು, ಪಾಠ ನೋಡುವುದು, ಮೇಲಿನ ಆದೇಶವನ್ನು ಕೆಳಗೆ ದಾಟಿಸುವುದು, ಕೆಳಗಿನ ವರದಿಯನ್ನು ಮೇಲೆ ಕಳಿಸುವುದು. ಅದಕ್ಕೂ ಮೊದಲು ಹದಿನೆಂಟು ವರ್ಷ ನಾನೂ ಸೀಮೆಸುಣ್ಣ ಹಿಡಿದ ಮಾಸ್ಟ್ರೇ.

ಶಾಲೆಯ ಆವರಣದಲ್ಲಿ ವ್ಯಾಪಾರದ ಪ್ರಚಾರ ನಡೆಯಬಾರದು ಎಂಬ ನಿಯಮದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಟ್ಯೂಷನ್ ಸೆಂಟರಿನವರು ಕಾಂಪೌಂಡಿಗೆ ಅಂಟಿಸಿದ ಪೋಸ್ಟರುಗಳನ್ನು ನಾನೇ ಉಗುರಿನಿಂದ ಕೆರೆದು ತೆಗೆದದ್ದುಂಟು. ದಾನ ಪಡೆಯುವುದಕ್ಕೆ ಅಡ್ಡಿಯಿಲ್ಲ, ದಾನಿಯ ಹೆಸರನ್ನೂ ಬರೆಯಬಹುದು. ನಮ್ಮ ಕಡೆ ಅದೊಂದು ಗೀಳೇ ಆಗಿದೆ. ಬೆಂಚಿನ ಬೆನ್ನಿಗೂ, ಫ್ಯಾನಿನ ರೆಕ್ಕೆಗೂ ಹಳೆ ವಿದ್ಯಾರ್ಥಿಗಳ ಹೆಸರು. ಫ್ಯಾನ್ ತಿರುಗಿದರೆ ಆ ಹೆಸರು ಯಾರಿಗೂ ಕಾಣುವುದಿಲ್ಲ, ಅದು ಬೇರೆ ಮಾತು.

ಜೂನ್ ಕೊನೆಯಲ್ಲಿ ಒಂದು ಹಿರಿಯ ಪ್ರಾಥಮಿಕ ಶಾಲೆಯ ಹೆಡ್ ಟೀಚರ್ ಶಶಿಕಲಾ ಫೋನ್ ಮಾಡಿದರು. "ಸರ್, ಹಾಲಿಗೆ ಹಾಕುವ ಪೌಡರಿನ ಕಂಪೆನಿಯವರು ಬಂದಿದ್ದಾರೆ. ವಾಟರ್ ಫಿಲ್ಟರ್ ಕೊಡ್ತಾರಂತೆ, ಮಕ್ಕಳಿಗೆ ಒಂದು ದಿನ ಪೌಷ್ಟಿಕ ಆಹಾರದ ಕಾರ್ಯಕ್ರಮ ಮಾಡ್ತಾರಂತೆ. ಎಂತ ಮಾಡುವುದು?"

ಆ ಶಾಲೆಯ ಫಿಲ್ಟರ್ ಕೆಟ್ಟು ವರ್ಷ ಕಳೆದಿತ್ತು. ನೂರ ನಲವತ್ತು ಮಕ್ಕಳು ಮನೆಯಿಂದ ನೀರು ಹೊತ್ತು ತರುತ್ತಿದ್ದರು. ಕಾರ್ಯಕ್ರಮದ ದಿನ ನಾನೇ ಹೋದೆ. ಸಭಾಂಗಣದಲ್ಲಿ ಎಂಟು ಅಡಿ ಉದ್ದದ ಬ್ಯಾನರ್ ಕಟ್ಟಿದ್ದರು. ನೋಡಿ ನನಗೆ ಪಿತ್ತ ನೆತ್ತಿಗೇರಿತು. "ಗೇಟಿನ ಒಳಗೆ ನಿಮ್ಮ ಕಂಪೆನಿಯ ಒಂದಕ್ಷರ ಕಾಣಬಾರದು" ಎಂದು ಗದರಿದೆ. ಬಂದಿದ್ದ ಪ್ರತಿನಿಧಿ "ಆಯ್ತು ಸರ್, ಆಯ್ತು ಸರ್" ಎನ್ನುತ್ತಲೇ ಬ್ಯಾನರ್ ಬಿಚ್ಚಿ ರಸ್ತೆಬದಿಗೆ ಕಟ್ಟಿಸಿದ. ಹೆಸರು ಅಚ್ಚಾಗಿದ್ದ ಲೋಟಗಳನ್ನೂ ವಾಪಸು ಪೆಟ್ಟಿಗೆಗೆ ಹಾಕಿದ. ಇಷ್ಟು ಸುಲಭವಾಗಿ ಒಪ್ಪಿದನಲ್ಲ ಎಂಬ ಅನುಮಾನ ನನಗೆ ಆಗಲೇ ಬರಬೇಕಿತ್ತು. ಬರಲಿಲ್ಲ. ನಿಯಮ ಉಳಿಸಿದ ಜಂಬದಲ್ಲಿ ನಾನಿದ್ದೆ. ಟೀಚರ್ ಮುಂದಿಟ್ಟ ಕಾಗದಗಳಿಗೆ ನಿಂತಲ್ಲೇ ಸಹಿ ಹಾಕಿ, "ಫೋಟೋ ತೆಗೆದು ಗ್ರೂಪಿಗೆ ಹಾಕಿ ಟೀಚರ್" ಎಂದು ಹೇಳಿ ಇನ್ನೊಂದು ಶಾಲೆಗೆ ಹೊರಟೆ. ಆ ಮಾತು ನಮ್ಮಲ್ಲಿ ಕಡ್ಡಾಯ. ಮೊಟ್ಟೆ ಹಂಚಿದರೂ, ಗಿಡ ನೆಟ್ಟರೂ ವಾಟ್ಸಾಪ್ ಗ್ರೂಪಿಗೆ ಫೋಟೋ ಬರದಿದ್ದರೆ ಆ ಕೆಲಸ ನಡೆದೇ ಇಲ್ಲ ಎಂದರ್ಥ. ಸಂಜೆ ಫೋಟೋಗಳು ಬಂದವು. ತೆರೆದು ಕೂಡ ನೋಡದೆ ಕೈ ಮುಗಿಯುವ ಚಿಹ್ನೆ ಒತ್ತಿದೆ.

ಎರಡು ತಿಂಗಳ ಬಳಿಕ ಒಂದು ಸಂಜೆ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಸುರತ್ಕಲ್ ಬಸ್ಸೊಂದು ಜನ ಹತ್ತಿಸಿಕೊಂಡು ಮುಂದೆ ಸರಿಯಿತು. ಅದರ ಹಿಂಭಾಗ ನೋಡಿದವನು ಹಾಗೇ ನಿಂತುಬಿಟ್ಟೆ. ಹಿಂದಿನ ಗಾಜಿನ ತುಂಬ ಆ ಪೌಡರಿನ ಜಾಹೀರಾತು, ಅದರಲ್ಲಿ ಶಶಿಕಲಾ ಟೀಚರ ಶಾಲೆಯ ಆರನೇ ತರಗತಿಯ ಸುಹಾನಾ! ಎಡಗಡೆಯ ಚಿತ್ರದಲ್ಲಿ ಡೆಸ್ಕಿಗೆ ತಲೆಯಿಟ್ಟು ಸೊರಗಿ ಮಲಗಿದ್ದಾಳೆ, ಕೆಳಗೆ "ಅಂದು: ನಿಶ್ಶಕ್ತಿ, ಪಾಠದಲ್ಲಿ ನಿದ್ದೆ". ಬಲಗಡೆ ಕೈಯಲ್ಲಿ ಲೋಟ ಹಿಡಿದು ನಗುತ್ತಿದ್ದಾಳೆ, ಕೆಳಗೆ "ಇಂದು: ತರಗತಿಗೇ ಮೊದಲು". ಎರಡೂ ಚಿತ್ರಗಳಲ್ಲಿ ಹಿಂದಿನ ಕರಿಹಲಗೆಯ ಮೂಲೆ ಸ್ಪಷ್ಟವಾಗಿತ್ತು. ನಮ್ಮ ಟೀಚರುಗಳು ದಿನವೂ ಬೆಳಿಗ್ಗೆ ಅಲ್ಲಿ ತಾರೀಕು, ದಾಖಲಾತಿ, ಹಾಜರಿ ಬರೆಯುತ್ತಾರೆ. ದಾಖಲಾತಿ 31, ಹಾಜರಿ 28. ಎರಡರಲ್ಲೂ ಅದೇ ತಾರೀಕು, ಅದೇ ಅಂಕಿ. ಅಂದೂ ಇಂದೂ ಒಂದೇ ಬೆಳಿಗ್ಗೆ!

ಆ ಹುಡುಗಿ ಪಾಠದಲ್ಲಿ ನಿದ್ದೆ ಮಾಡಿದವಳೇ ಅಲ್ಲ. ಒಂದನೇ ತರಗತಿಯಿಂದಲೂ ಅವಳೇ ಮೊದಲು. ನಾನು ಭೇಟಿಗೆ ಹೋದಾಗಲೆಲ್ಲ ನಿಂತು ಓದುತ್ತಿದ್ದವಳು ಅವಳೇ.

ಮರುದಿನ ಬೆಳಿಗ್ಗೆ ಶಾಲೆಗೆ ಓಡಿದೆ. ಶಶಿಕಲಾ ಟೀಚರ್ ಜಾಹೀರಾತು ನೋಡಿರಲಿಲ್ಲ. ನಾನು ಹೇಳುತ್ತಿದ್ದಂತೆ ಕುರ್ಚಿಯಲ್ಲಿ ಕುಸಿದರು. "ಸರ್, ಅವಳು ಬಾರದೆ ಒಂಬತ್ತು ದಿನ ಆಯ್ತು. ಅಪ್ಪ ನಿನ್ನೆ ಟಿ.ಸಿ.ಗೆ ಅರ್ಜಿ ಕೊಟ್ಟು ಹೋದ್ರು. ಯಾಕೆ ಅಂತ ಕೇಳಿದ್ರೆ ಒಂದು ಮಾತು ಸಹ ಹೇಳ್ಲಿಲ್ಲ." ಟಿ.ಸಿ. ಎಂದರೆ ಶಾಲೆ ಬಿಡುವ ವರ್ಗಾವಣೆ ಪತ್ರ. ಹುಡುಗಿಯನ್ನು ದೂರದ ಅತ್ತೆಯ ಮನೆಗೆ ಕಳಿಸುವ ಯೋಚನೆಯಂತೆ, ಅಲ್ಲಿ ಯಾವ ಶಾಲೆ ಎಂಬುದು ನಿಶ್ಚಯವಿಲ್ಲವಂತೆ. ಈ ವಯಸ್ಸಿನಲ್ಲಿ ಒಮ್ಮೆ ಬಿಟ್ಟ ಶಾಲೆಗೆ ಎಷ್ಟು ಹುಡುಗಿಯರು ಮರಳುತ್ತಾರೆ ಎಂದು ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ಅವಳ ತಂದೆ ಹಮೀದರದ್ದು ದಿನಸಿ ಅಂಗಡಿ, ಮನೆ ಅಂಗಡಿಯ ಹಿಂದೆಯೇ. ಊರಿನವರೆಲ್ಲ ಕರೆಯುವಂತೆ ನಾನೂ "ಹಮೀದಾಕ" ಎಂದೆ. ಅವರು ತಕ್ಕಡಿಯಿಂದ ಕಣ್ಣೆತ್ತಲಿಲ್ಲ.

"ಎರಡು ತಲೆಮಾರಿನಿಂದ ಅಕ್ಕಿ ಬೇಳೆ ಮಾರ್ತಾ ಇದ್ದೇವೆ ಸರ್. ನನ್ನ ಮಗಳಿಗೆ ತಿನ್ಲಿಕ್ಕೆ ಇಲ್ಲ ಅಂತ ನಿಮಗೆ ಯಾರು ಹೇಳಿದ್ದು? ಮನೆಯ ಮದುವೆಯ ಫೋಟೋ ಸಹ ಸ್ಟೇಟಸ್ ಹಾಕುವವರಲ್ಲ ನಾವು. ಈಗ ಅವಳ ಮುಖ ಊರಿಡೀ ತಿರುಗ್ತಾ ಉಂಟು. ಬಂದವರೆಲ್ಲ ಮಗಳು ಕುಡಿಯುವ ಡಬ್ಬ ಕೊಡಿ ಅಂತಾರೆ. ನನ್ನ ಅಂಗಡಿಯಲ್ಲಿ ಆ ಡಬ್ಬವೇ ಇಲ್ಲ ಮಾರಾಯ್ರೆ!"

ಬಾಗಿಲ ಪರದೆಯ ಹಿಂದಿನಿಂದ ಸುಹಾನಾಳ ದನಿ ಬಂತು. "ಸರ್, ನನಗೆ ನಿದ್ದೆ ಬಂದದ್ದಲ್ಲ. ತಲೆ ಇಟ್ಟು ಮಲಗು ಅಂತ ಕಂಪೆನಿಯ ಕ್ಯಾಮರಾದವರು ಹೇಳಿದ್ದು. ಇಲಾಖೆಗೆ ಕಳಿಸ್ಲಿಕ್ಕೆ ಅಂತ ಹೇಳಿದ್ರು. ಮತ್ತೆ ಗ್ರೂಪಿನಲ್ಲಿ ನೀವು ಕೈ ಮುಗಿದದ್ದನ್ನು ಟೀಚರ್ ನಮಗೆಲ್ಲ ತೋರಿಸಿದ್ರು."

ಅಲ್ಲಿ ಕುಳಿತಿರಲು ನನಗೆ ಮುಖವಿರಲಿಲ್ಲ. "ಬಸ್ಸುಗಳಿಂದ ಅದನ್ನು ತೆಗೆಸುತ್ತೇನೆ, ಅಲ್ಲಿಯವರೆಗೆ ಟಿ.ಸಿ. ತೆಗೆದುಕೊಳ್ಳಬೇಡಿ" ಎಂದು ಬೇಡಿಕೊಂಡೆ. ಹಮೀದಾಕ ತಕ್ಕಡಿಯ ಅಕ್ಕಿಯನ್ನು ಪೊಟ್ಟಣಕ್ಕೆ ಸುರಿದರು.

ಅಲ್ಲಿಂದ ನೇರ ಕಂಪೆನಿಯ ಕಚೇರಿಗೆ ಹೋದೆ. ಮೆಟ್ಟಿಲು ಹತ್ತುವಾಗಲೇ ಬೈಗುಳ ಜೋಡಿಸಿಕೊಂಡಿದ್ದೆ. ಮ್ಯಾನೇಜರ್ ಶಾಂತವಾಗಿ ಒಂದು ಹಾಳೆ ಮುಂದಿಟ್ಟರು. "ಪರ್ಮಿಷನ್ ಇಲ್ಲದೆ ನಾವು ಎಂತದೂ ಮಾಡುವುದಿಲ್ಲ ಸರ್." ಕಾರ್ಯಕ್ರಮದ ಚಿತ್ರಗಳನ್ನು ಸಂಸ್ಥೆ ತನ್ನ ಎಲ್ಲ ಉದ್ದೇಶಗಳಿಗೂ ಬಳಸಬಹುದು ಎಂದು ಅದರಲ್ಲಿತ್ತು. ಕೆಳಗೆ "ಪೋಷಕರ ಪರವಾಗಿ" ಎಂದು ಬರೆದು ಶಶಿಕಲಾ ಟೀಚರ್ ಸಹಿ, ಶಾಲೆಯ ಸೀಲು. ಇದೂ ನಮ್ಮಲ್ಲಿ ರೂಢಿಯೇ. ಕ್ರೀಡಾಕೂಟವಿರಲಿ, ಪ್ರವಾಸವಿರಲಿ, ಪೋಷಕರ ಒಂದು ದಿನದ ಕೆಲಸ ತಪ್ಪದಿರಲಿ ಎಂದು ಹೆಡ್ ಟೀಚರೇ ಸಹಿ ಹಾಕಿಬಿಡುತ್ತಾರೆ. ಅದರ ಕೆಳಗೆ "ಪರಿಶೀಲಿಸಿದೆ" ಎಂದಿತ್ತು. ಅದರ ಕೆಳಗಿದ್ದದ್ದು ನನ್ನ ಸಹಿ.

ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದೆ. ಬಾಲ ಎಳೆದು ಹಾಕುವ ನನ್ನದೇ ಸಹಿ. ಜೋಡಿಸಿಕೊಂಡು ಬಂದ ಬೈಗುಳಗಳೆಲ್ಲ ನನಗೇ ಸಲ್ಲಬೇಕಿತ್ತು. ಎಂಟು ಅಡಿಯ ಬ್ಯಾನರನ್ನು ಗೇಟಿನ ಹೊರಗೆ ಕಟ್ಟಿಸಿದ ದಿನವೇ ನಾನು ನೂರ ನಲವತ್ತು ಮಕ್ಕಳ ಮುಖಗಳನ್ನು ಆ ಗೇಟಿನ ಹೊರಗೆ ಕೊಟ್ಟು ಬಂದಿದ್ದೆ. ಆ ಪ್ರತಿನಿಧಿ ಲೋಟಗಳನ್ನು ಅಷ್ಟು ಸಲೀಸಾಗಿ ಪೆಟ್ಟಿಗೆಗೆ ಹಾಕಿದ್ದು ಯಾಕೆಂದು ಆಗ ತಿಳಿಯಿತು.

ಆ ದಿನವೇ ಮೇಲಧಿಕಾರಿಗಳಿಗೆ ನಡೆದದ್ದೆಲ್ಲ ಬರೆದೆ. ಓದದೆ ಸಹಿ ಹಾಕಿದ್ದು ನನ್ನ ತಪ್ಪು ಎಂದೂ ಬರೆದೆ. ನನಗೂ ಟೀಚರಿಗೂ ನೋಟಿಸು ಬಂತು. ಅದು ಬರಬೇಕಾದದ್ದೇ. ಹಮೀದಾಕ ಕೊಟ್ಟ ಲಿಖಿತ ಆಕ್ಷೇಪದೊಂದಿಗೆ ಇಲಾಖೆಯ ಪತ್ರ ಕಂಪೆನಿಗೆ ಹೋಯಿತು. ಹನ್ನೊಂದು ದಿನಗಳಲ್ಲಿ, ಅದನ್ನು ಅಂಟಿಸಿದ್ದ ಆರೂ ಬಸ್ಸುಗಳಿಂದ ಜಾಹೀರಾತು ಇಳಿಯಿತು. ಪ್ರತಿಯೊಂದನ್ನೂ ನಾನೇ ಸ್ಟ್ಯಾಂಡಿನಲ್ಲಿ ನಿಂತು ನೋಡಿ ಖಾತ್ರಿ ಮಾಡಿಕೊಂಡೆ.

ಹನ್ನೆರಡನೇ ದಿನ ಹಮೀದಾಕ ಸ್ಕೂಟರಿನಲ್ಲಿ ಮಗಳನ್ನು ಕರೆತಂದರು. ಟಿ.ಸಿ. ಅರ್ಜಿಯನ್ನು ವಾಪಸು ಪಡೆದು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡರು. ಶಶಿಕಲಾ ಟೀಚರ್ ಕಣ್ಣೊರೆಸಿಕೊಂಡು ಹುಡುಗಿಯ ಕೈ ಹಿಡಿದರು. ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಪ್ರಕರಣ ಮುಗಿದ ವರದಿಯನ್ನು ಅಂದೇ ಕಳಿಸಬೇಕಿತ್ತು. "ಎಲ್ಲರೂ ಒಮ್ಮೆ ಹತ್ತಿರ ನಿಲ್ಲಿ" ಎನ್ನುತ್ತ ಫೋನ್ ಎತ್ತಿ ಹಿಡಿದೆ.

ಸುಹಾನಾ ಟೀಚರ ಕೈ ಬಿಡಿಸಿಕೊಂಡು ಅಪ್ಪನ ಬೆನ್ನ ಹಿಂದೆ ಸರಿದಳು. ಅಲ್ಲಿಂದಲೇ ಕೇಳಿದಳು, "ಸರ್, ಇದು ಎಲ್ಲಿಗೆ ಹೋಗ್ತದೆ?"

ಛೆ, ಇಷ್ಟೆಲ್ಲ ಆದ ಮೇಲೂ ನಾನು ಮಾಡಿದ್ದೇನು! ಅಷ್ಟು ಕಾಲ ನಾನು ಕೇಳಿ ತರಿಸಿ ಮೇಲೆ ಕಳಿಸಿದ ಮಕ್ಕಳ ಮುಖಗಳು ಯಾರ ಫೋನಿನಲ್ಲಿವೆ, ಯಾವ ಕಂಪ್ಯೂಟರಿನಲ್ಲಿವೆ ಎಂದು ನನಗೆ ಇಂದಿಗೂ ಗೊತ್ತಿಲ್ಲ. "ಗೊತ್ತಿಲ್ಲ ಮಗಾ" ಎಂದೆ. ಫೋನನ್ನು ಕಿಸೆಗೆ ಹಾಕಿದೆ. ಅವಳು ಸ್ವಲ್ಪ ಹೊತ್ತು ನನ್ನ ಕಿಸೆಯನ್ನೇ ನೋಡಿ, ಚೀಲ ಎತ್ತಿಕೊಂಡು ತರಗತಿಗೆ ನಡೆದಳು.

ಮಕ್ಕಳ ಮುಖವನ್ನು ಇನ್ನೊಬ್ಬರಿಗೆ ಕೊಡುವ ಅಧಿಕಾರವನ್ನು ಯಾವ ಆದೇಶವೂ ನನಗೆ ಕೊಟ್ಟಿರಲಿಲ್ಲ. ಅದನ್ನು ಕಲಿಸಲು ಹನ್ನೊಂದು ವರ್ಷದ ಹುಡುಗಿ ಬೇಕಾಯಿತು. ವಾರದ ನಂತರ ನನ್ನ ವರದಿ "ಫೋಟೋ ಲಗತ್ತಿಸಿಲ್ಲ" ಎಂಬ ಷರಾದೊಂದಿಗೆ ವಾಪಸು ಬಂತು. ಅದರ ಕೆಳಗೆ "ವಿದ್ಯಾರ್ಥಿನಿ ಒಪ್ಪಿಲ್ಲ" ಎಂದು ಬರೆದೆ. ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿ ಸಹಿ ಹಾಕಿ ಕಳಿಸಿದೆ.