ನಾರ್ವಾಲೂ ದಿಂಬಂ ಘಾಟಿಯೂ

ತಾಳವಾಡಿಯವನಾಗಿ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ: ನನಗೆ ದಿಂಬಂ ಘಾಟಿ ಇಳಿಯುವುದೆಂದರೆ ಆಗುವುದಿಲ್ಲ. ಬಸ್ಸು ಕೆಳಗೆ ಇಳಿದಂತೆ ನನ್ನ ಹೊಟ್ಟೆ ಮೇಲಕ್ಕೆ ಹತ್ತುತ್ತದೆ. ನೆಂಟಸ್ತನಕ್ಕೂ ಸಿನಿಮಾಕ್ಕೂ ನಾವು ಚಾಮರಾಜನಗರದ ಕಡೆ ಮುಖ ಮಾಡಿದವರು. ಆದರೆ ನಮ್ಮೂರು ಸೇರಿರುವುದು ತಮಿಳುನಾಡಿಗೆ, ಜಿಲ್ಲಾ ಕಚೇರಿ ಇರುವುದು ಈರೋಡಿನಲ್ಲಿ, ಇಪ್ಪತ್ತೇಳು ತಿರುವುಗಳ ಕೆಳಗೆ. ಹಾಗಾಗಿ ಪಟ್ಟಾ, ಅರ್ಜಿ ಎಂದು ಯಾವ ಕೆಲಸ ಬಂದರೂ ನನ್ನ ಹೆಂಡತಿಯೇ ಹೋಗಿಬರುತ್ತಾಳೆ. ದಾರಿಯಲ್ಲಿ ಮೂಸಿ ನೋಡಲೆಂದು ನಾನು ಒಂದು ನಿಂಬೆಹಣ್ಣು ಕೊಟ್ಟು ಕಳಿಸುತ್ತೇನೆ. ಅವಳು ಅದನ್ನು ಕೆಳಗೆ ಹೋಗಿ ಸೋಡಾಕ್ಕೆ ಹಿಂಡಿಕೊಂಡು ಕುಡಿಯುತ್ತಾಳೆ.

ಹೋದ ವರ್ಷ ಮಗಳು ಗಿರಿಜಾಳ ಶಾಲೆಯವರಿಗೆ ಘಾಟಿಯ ಕೆಳಗಿನ ಸತ್ಯಮಂಗಲದಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಅವಳ ಜೊತೆ ಹೊರಟವನು, ಘಾಟಿಯ ನೆತ್ತಿಯಲ್ಲಿರುವ ದಿಂಬದಲ್ಲಿ ಬಸ್ಸು ಟೀಗೆ ನಿಂತಾಗ ಕೆಳಗಿನ ರಸ್ತೆಯನ್ನು ಒಮ್ಮೆ ಬಗ್ಗಿ ನೋಡಿದೆ. ಅಷ್ಟೇ. ಅವಳನ್ನು ಟೀಚರಿಗೆ ಒಪ್ಪಿಸಿ, ಎದುರಿಗೆ ನಿಂತಿದ್ದ ಬಸ್ಸು ಹತ್ತಿ ಮನೆಗೆ ಬಂದುಬಿಟ್ಟೆ. ಒಂದು ವಾರ ಅವಳು ನನ್ನ ಜೊತೆ ಮಾತಾಡಲಿಲ್ಲ.

ಈ ವರ್ಷವೂ ಅವಳು ಆಯ್ಕೆಯಾದಳು. ಪ್ರದರ್ಶನದ ಹಿಂದಿನ ದಿನವೇ ಟೀಚರ ಜೊತೆ ಹೊರಡುವಾಗ ಕೇಳಿದಳು: “ಅಪ್ಪ, ಈ ಸಲನಾದ್ರೂ ಬತ್ತಿಯಾ?”

“ಬತ್ತೀನಿ ಕಣವ್ವ.”

“ದಿಂಬದಲ್ಲಿ ಇಳ್ಕಬುಡಬ್ಯಾಡ, ಮತ್ತೆ.”

ಅವಳು ಮಾಡಿದ್ದು ನಾರ್ವಾಲಿನ ಮಾದರಿ. ನಾನು ಅದನ್ನು ಕೊಂಬಿನ ಮೀನು ಎಂದು ಕರೆದು ಎರಡು ಸಲ ಬೈಸಿಕೊಂಡಿದ್ದೆ. ಅದು ಮೀನಲ್ಲ, ತಿಮಿಂಗಿಲದ ಜಾತಿ. ಕೊಂಬಲ್ಲ, ತುಟಿ ಸೀಳಿಕೊಂಡು ಬಂದ ಹಲ್ಲು. ಇರುವುದು ಕೆನಡಾ, ಗ್ರೀನ್‌ಲ್ಯಾಂಡುಗಳ ಉತ್ತರದ ಹಿಮದ ಕಡಲಿನಲ್ಲಿ. ಚಳಿಗಾಲವೆಲ್ಲ ಹೆಪ್ಪುಗಟ್ಟಿದ ಮಂಜಿನ ಕೆಳಗೇ ಬಾಳು, ಉಸಿರಿಗೆ ಮಂಜಿನ ಬಿರುಕೇ ಗತಿ. ಬೆಚ್ಚಗಿನ ಕಡಲಿನ ಕಡೆ ಅದು ಬರುವುದೇ ಇಲ್ಲವಂತೆ. ಈ ಒಂದು ಗುಣದಿಂದ ಅದು ನನಗೆ ತೀರ ಹತ್ತಿರದ ನೆಂಟನಾಯಿತು. ಆದರೆ ಮುಳುಗಿದರೆ ಒಂದೂವರೆ ಕಿಲೋಮೀಟರು ನೆಟ್ಟಗೆ ಕೆಳಕ್ಕೆ, ಅದೂ ಒಂದೇ ಉಸಿರಿನಲ್ಲಿ! ಇಬ್ಬರೂ ಕೂತು ಲೆಕ್ಕ ಹಾಕಿದರೆ ದಿಂಬಂ ಘಾಟಿಯ ಎತ್ತರದ ಎರಡರಷ್ಟು. ಇಲ್ಲಿಗೆ ನೆಂಟಸ್ತನ ಮುರಿಯಿತು.

ಮುರಿದರೂ ನನಗೊಂದು ಉಪಾಯ ಹೊಳೆಯಿತು. ಅಷ್ಟು ಆಳಕ್ಕೆ ಇಳಿದರೂ ಆ ಪ್ರಾಣಿ ವಾಂತಿ ಮಾಡಿಕೊಳ್ಳುವುದಿಲ್ಲವಲ್ಲ, ಗುಟ್ಟು ಉಸಿರು ಹಿಡಿಯುವುದರಲ್ಲೇ ಇರಬೇಕು. ಮರುದಿನ ದಿಂಬದಲ್ಲಿ ಬಸ್ಸು ನಿಂತಾಗ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಕೂತೆ. ಎದುರಿಗೆ ತಾಳವಾಡಿಯ ಬಸ್ಸು ನಿಂತೇ ಇತ್ತು. ಅತ್ತ ನೋಡಲಿಲ್ಲ. ಮೊದಲ ತಿರುವು ಬಂದಿತು. ಕಣ್ಣು ಮುಚ್ಚಿದೆ, ಉಸಿರು ಹಿಡಿದೆ. ಎರಡು, ಮೂರು. ಐದನೆಯದರಲ್ಲಿ ಹಾಸನೂರಿನಲ್ಲಿ ಹತ್ತಿದ್ದ ಪಕ್ಕದ ಅಜ್ಜಿ ನನ್ನ ಬೆನ್ನಿಗೆ ಫಟಾರೆಂದು ಹೊಡೆದಳು.

“ಯಾಕಪ್ಪ ಇಂಗೆ ಉಸ್ರು ಕಟ್ಕಂಡು ಕುಂತಿದ್ದೀಯೆ? ಮೊಕ ಬದ್ನೇಕಾಯಿ ಆಗೋಗದೆ! ಬುಡಪ್ಪ ಉಸ್ರ!”

ಬಿಟ್ಟೆ. ಉಸಿರಿನ ಜೊತೆಗೆ ಬೆಳಗಿನ ಇಡ್ಲಿಯನ್ನೂ ಕಿಟಕಿಯಾಚೆ ಬಿಟ್ಟೆ. ಅಜ್ಜಿ ತನ್ನ ಸೆರಗಿನಿಂದಲೇ ನನ್ನ ಮುಖ ಒರೆಸಿ, ಘಾಟಿಯ ಬುಡದ ಬಣ್ಣಾರಿ ಬರುವ ತನಕ ಮೂವರು ಸೊಸೆಯಂದಿರ ಕಥೆ ಹೇಳಿದಳು. ಮೂರನೆಯ ಸೊಸೆಯ ಹೊತ್ತಿಗೆ ತಿರುವುಗಳು ಮುಗಿದೇ ಹೋಗಿದ್ದವು. ನನಗೆ ಗೊತ್ತೇ ಆಗಲಿಲ್ಲ.

ಪ್ರದರ್ಶನದ ಬಾಗಿಲಿಗೆ ಬಂದಾಗ ತೀರ್ಪುಗಾರರು ಗಿರಿಜಾಳನ್ನು ತಮಿಳಿನಲ್ಲಿ ಪ್ರಶ್ನೆ ಕೇಳುತ್ತಿದ್ದರು: ಇದು ಎಷ್ಟು ಆಳಕ್ಕೆ ಹೋಗುತ್ತದಮ್ಮಾ? ಅವಳು ಲೆಕ್ಕ ಮರೆತು ತಡವರಿಸಿದಳು. ಅಷ್ಟರಲ್ಲಿ ನಿಂಬೆಹಣ್ಣು ಹಿಡಿದು ನಿಂತಿದ್ದ ನನ್ನನ್ನು ಕಂಡಳು. ಅವಳ ಮುಖ ಅರಳಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. “ದಿಂಬಂ ಘಾಟಿ ಎರಡು ಸಲ ಇಳಿದಷ್ಟು ಸಾರ್,” ಎಂದು ಅವಳು ತಮಿಳಿನಲ್ಲೇ ಹೇಳಿದಳು. “ನಮ್ಮಪ್ಪ ಒಂದು ಸಲ ಇಳಿದುಕೊಂಡು ಬಂದಿದ್ದಾರೆ, ನೋಡಿ.”

ಬಹುಮಾನ ಇನ್ನಾರಿಗೋ ಹೋಯಿತು. ಸಂಜೆ ಅದೇ ಇಪ್ಪತ್ತೇಳು ತಿರುವುಗಳನ್ನು ಹತ್ತಿದೆವು. ಅವಳು ದಾರಿಯುದ್ದಕ್ಕೂ ನನ್ನ ಕೈ ಹಿಡಿದು ಒಂದೇ ಸಮನೆ ಹರಟಿದಳು. ನಾರ್ವಾಲುಗಳು ಗುಂಪಾಗಿ ಓಡಾಡುವುದು ಯಾಕೆಂದು ನನಗೆ ಆಗ ಅರ್ಥವಾಯಿತು. ದಿಂಬದಲ್ಲಿ ಬಸ್ಸು ಟೀಗೆ ನಿಂತಾಗಲೂ ನಾನು ಕೊಟ್ಟ ಮಾತಿನಂತೆ ಅಲ್ಲಾಡದೆ ಕೂತಿದ್ದೆ.

ಅವಳು ನನ್ನ ತೋಳು ಅಲುಗಿಸಿದಳು. “ಇಳ್ಕೊಳಪ್ಪ,” ಎಂದಳು. “ಈಗ ಇಳ್ಕಬೋದು.”