ನಕ್ಷತ್ರದ ಮುಯ್ಯಿ

ನೋಡಿ, ನಮ್ಮ ವಾಟ್ಸಾಪ್ ಗುಂಪಿನ ಬಂಧುಗಳೇ, ಹೊನ್ನಾಳಿಯಲ್ಲಿ ಹೈಸ್ಕೂಲು ಓದುವ ನನ್ನ ಮೊಮ್ಮಗಳು ಸುಮಾಳಿಗೆ ಇಂದು ಓದಿದ್ದೇ ತಪ್ಪಾಯಿತು.

ಶಾಲೆಯ ಕಂಪ್ಯೂಟರಿನಲ್ಲೀಗ ಪ್ರಬಂಧವೂ ಆಟವಂತೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಸರಿ ತಪ್ಪು ಹೇಳಿ, ಐದರೊಳಗೆ ನಕ್ಷತ್ರ ಕೊಡಬೇಕು. ಹೆಚ್ಚು ನಕ್ಷತ್ರ ಬಂದವರು ಗೆದ್ದ ಹಾಗೆ. ಸುಮಾ ಗೆಳತಿಯ ಪ್ರಬಂಧವನ್ನು ಪೂರ್ತಿ ಓದಿ, "ಕೊನೆ ಚೆನ್ನಾಗೈತೆ, ಮೊದಲಿನದೆಲ್ಲ ಗೈಡಿಂದು" ಎಂದು ಬರೆದು ಎರಡು ಕೊಟ್ಟಳು. ಉಳಿದವರು ಮದುವೆಮನೆಯ ಮುಯ್ಯಿಯಂತೆ ಐದು ಕೊಟ್ಟು ಐದು ಪಡೆದರು. ಸಿಟ್ಟಾದ ಗೆಳತಿ ಇವಳಿಗೆ ಕೊಟ್ಟದ್ದು ಒಂದೇ ಒಂದು. ಇಡೀ ತರಗತಿಗೆ ಇವಳೇ ಕೊನೆ.

ಶಾಲೆಗೇ ಹೋಗಿ ಕೇಳಿದೆ: "ಮೇಷ್ಟ್ರೇ, ಈ ಮಕ್ಕಳು ಓದಿ ನಕ್ಷತ್ರ ಕೊಟ್ಟರೇನ್ರೀ?"

"ಓದಾಕೆ ಟೈಮ್ ಎಲ್ಲೈತ್ರೀ ಅಜ್ಜಾರೆ? ಹೆಚ್ಚುಕಡಿಮೆ ಎಲ್ರಿಗೂ ಐದು ಬಂದೈತೆ, ಅಂದ್ರೆ ಬರವಣಿಗೆ ಸುಧಾರಿಸೈತೆ. ನಿಮ್ಮ ಹುಡುಗಿಗೆ ಹೊಂದ್ಕೊಂಡು ಹೋಗಾಕೆ ಹೇಳ್ರಿ."

ಎಂಥ ವಿದ್ವಾಂಸರು!

ದಾರಿಯಲ್ಲಿ ಸುಮಾ ಅಂದಳು: "ಅಜ್ಜಾ, ನಾಳೆಯಿಂದ ನಾನೂ ಓದಲ್ಲ. ಸುಮ್ನೆ ಐದು ಒತ್ತಿಬಿಡ್ತೀನಿ."

ನೆಂಟರೇ, ದಯವಿಟ್ಟು ಇದನ್ನು ಓದದೆ ಹೆಬ್ಬೆರಳು ಒತ್ತಬೇಡಿ. ನನ್ನ ಈ ಬರಹ ಎಲ್ಲಿ ಕೆಟ್ಟಿದೆ ಎಂದು ಒಬ್ಬರಾದರೂ ಬರೆಯಿರಿ. ಬೈಸಿಕೊಂಡೂ ಬದುಕಬಹುದೆಂದು ಮೊಮ್ಮಗಳಿಗೆ ತೋರಿಸಬೇಕಾಗಿದೆ.