ಎಂಟು ಸೆಕೆಂಡಿನ ಕೂಗು

ಸೋಮವಾರ ಬೆಳಿಗ್ಗೆ ಸೌಮ್ಯ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಮುನಾವರ್ ಕಳಿಸಿದ ಸಂದೇಶ ಬಂತು. 'ಹನ್ನೊಂದನೇ ಕಂತು. ತಾಯಿ ಬೀರು ತೆಗೆಯುತ್ತಾಳೆ. ಎಂಟು ಸೆಕೆಂಡು ಚೀರಾಟ. ನಾಳೆ ಸಂಜೆಯೊಳಗೆ ಬೇಕು ಮೇಡಂ.' ಓದುತ್ತಿದ್ದ ಹಾಗೆ ಜರಡಿ ಕೈಜಾರಿ ಅರ್ಧ ಹಿಟ್ಟು ನೆಲದ ಪಾಲಾಯಿತು.

ಮುನಾವರ್ ರಾಮನಗರದಲ್ಲಿ ಸಣ್ಣದೊಂದು ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡಿದ್ದವನು. ಜಪಾನಿನ ಹಳೆಯ ಕಾರ್ಟೂನ್ ಸೀರಿಯಲ್‌ಗಳಿಗೆ ಕನ್ನಡದ ದನಿ ಕೂಡಿಸಿ ಮೊಬೈಲ್ ಆ್ಯಪ್ ಒಂದಕ್ಕೆ ಕೊಡುವುದು ಅವನ ಕೆಲಸ. ಸೌಮ್ಯ ಎರಡು ವರ್ಷದಿಂದ ಗುಡೇಮಾರನಹಳ್ಳಿಯ ತನ್ನ ಗಂಡನ ಮನೆಯಿಂದಲೇ ಅವನಿಗೆ ದನಿ ಕಳಿಸುತ್ತಿದ್ದಳು.

ಇದು ಅವಳಿಗೆ ಹೊಸ ವಿದ್ಯೆಯೇನಲ್ಲ. ಚಿಕ್ಕಂದಿನಲ್ಲಿ ಕನಕಪುರದ ಕಡೆಯ ತವರೂರಿನಲ್ಲಿ, ಪಕ್ಕದ ಮನೆಯ ಟಿವಿಯಲ್ಲಿ, ಸಂಜೆ ಐದಕ್ಕೆ ಈ ಸೀರಿಯಲ್‌ಗಳು ಹಿಂದಿಯಲ್ಲಿ ಬರುತ್ತಿದ್ದವು. ಅಲ್ಲಿ ಕೂತ ಯಾವ ಮಗುವಿಗೂ ಹಿಂದಿ ಬಾರದು. ಸೌಮ್ಯ ಬಾಯಿಗೆ ಬಂದ ಕನ್ನಡವನ್ನು ಆ ದೊಡ್ಡ ಕಣ್ಣಿನ ಬೊಂಬೆಗಳ ಬಾಯಿಗೆ ಹಾಕುತ್ತಿದ್ದಳು. ಐದೂಕಾಲಿಗೆ ಕೊಟ್ಟಿಗೆ ಗುಡಿಸಲು ಅವ್ವನ ಕರೆ ಬರುತ್ತಿತ್ತು, ಅಣ್ಣನಿಗೆ ಬರುತ್ತಿರಲಿಲ್ಲ. ಹಾಗಾಗಿ ಒಂದು ಕಂತನ್ನೂ ಅವಳು ಕೊನೆಯವರೆಗೆ ನೋಡಿರಲಿಲ್ಲ. ಸಗಣಿ ಬಾಚುತ್ತ ತಾನೇ ಕೊನೆ ಕಟ್ಟಿಕೊಳ್ಳುತ್ತಿದ್ದಳು.

ಮುನಾವರ್ ಮೊದಲು ಕೊಟ್ಟದ್ದು ಫುಟ್‌ಬಾಲ್ ಆಡುವ ಹುಡುಗರ ಸೀರಿಯಲ್. ಆಮೇಲೆ ಬೆಟ್ಟದಷ್ಟೆತ್ತರದ ಕಬ್ಬಿಣದ ಯಂತ್ರದೊಳಗೆ ಕೂತು ಯುದ್ಧ ಮಾಡುವ ಮಕ್ಕಳದು, ಮಂತ್ರದ ಕೋಲು ಹಿಡಿದ ಹುಡುಗಿಯದು, ಒಂದು ಪತ್ತೇದಾರಿ, ಒಂದು ಅಡುಗೆ ಪಂದ್ಯದ್ದು. ಎಲ್ಲದರಲ್ಲೂ ಅವಳ ಪಾಲಿಗೆ ಬಂದದ್ದು ತಾಯಿಯ ಪಾತ್ರ. ಮಾತು ಬರೆದ ಹಾಳೆಯಲ್ಲಿ ಆ ತಾಯಿಗೆ ಹೆಸರೇ ಇರುತ್ತಿರಲಿಲ್ಲ. 'ಬಂದ್ಯಾ? ಕೈಕಾಲು ತೊಳ್ಕೊ, ಊಟ ಬಡಿಸ್ತೀನಿ.' ಲೋಕ ಮುಳುಗುವ ಕಂತಿನಲ್ಲೂ ತಾಯಿ ಒಲೆಯ ಮುಂದೆ ನಿಂತು ಸಾರು ಕಲಕುತ್ತಿದ್ದಳು. ಈಗ ಬಂದಿದ್ದ ದೆವ್ವದ ಸೀರಿಯಲ್‌ನಲ್ಲಿ ಮೊದಲ ಸಲ ತಾಯಿಗೆ ಊಟದ ವಿಷಯ ಬಿಟ್ಟು ಬೇರೆ ಏನೋ ಸಿಕ್ಕಿತ್ತು. ಎಂಟು ಸೆಕೆಂಡು.

ಅಷ್ಟು ಕೂಗುವುದಕ್ಕೆ ಇಷ್ಟೊಂದು ಹೆದರಿಕೆ ಏಕೆಂದರೆ, ಗಂಡ ಅಶ್ವಥ್ ಈ ಕೆಲಸಕ್ಕೆ ಒಪ್ಪಿದಾಗಲೇ ಒಂದು ಮಾತು ಹೇಳಿದ್ದ. "ಮನೆ ಕೆಲ್ಸ ಕೆಡಬಾರ್ದು. ಸದ್ದು ಬೀದಿಗೆ ಹೋಗಬಾರ್ದು. ಅಶ್ವಥನ ಹೆಂಡ್ರು ನಾಟಕದೋಳು ಅಂತ ಒಬ್ಬ ಅಂದ್ರೂ ಆ ಮೈಕು ಅಟ್ಟ ಸೇರ್ತದೆ." ಅತ್ತೆ ಕಾವೇರಮ್ಮನಿಗಂತೂ ವಿಷಯವೇ ಗೊತ್ತಿರಲಿಲ್ಲ. ಅಶ್ವಥ್ ಬಿಡದಿಯ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿ, ಅತ್ತೆ ಹೊಲದ ಕಡೆ ಹೊರಟ ಮೇಲೆ ಸಿಗುವ ಎರಡು ಗಂಟೆಯೇ ಸೌಮ್ಯಳದು. ಅದಕ್ಕೆ ಮುಂಚೆ ಹಾಲು ಕರೆದು ಡೈರಿಗೆ ಹಾಕಿ, ಕೊಟ್ಟಿಗೆ ಬಾಚಿ, ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿ, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿ, ಮುದ್ದೆ ತೊಳಸಿ ಮುಗಿಸಿರಬೇಕು. ಆಮೇಲೆ ಅವಳು ಮೈಕು ಹಿಡಿದು ಬೀರುವಿನೊಳಗೆ ತಲೆ ಹಾಕುವಳು. ಮದುವೆಯಲ್ಲಿ ಬಂದ ಸೀರೆಗಳೆಲ್ಲ ಅಲ್ಲೇ ತೂಗುತ್ತಿದ್ದವು. ಉಡುವ ಸಂದರ್ಭ ಬಂದಿರಲಿಲ್ಲ, ಸದ್ದು ಹೀರಿಕೊಳ್ಳುವ ಕೆಲಸಕ್ಕೆ ಬಂದವು.

ಮಂಗಳವಾರ ಕಾವೇರಮ್ಮ ಮೊದಲ ಬಸ್ಸಿಗೇ ಕಬ್ಬಾಳಿಗೆ ಹೊರಟರು. ಐದು ಮಂಗಳವಾರ ಬರುತ್ತೇನೆಂದು ಅಲ್ಲಿನ ದೇವಿಗೆ ಹರಕೆ ಹೊತ್ತಿದ್ದರು. ಅಶ್ವಥ್ ಬೈಕನ್ನು ಬಾಗಿಲ ಮುಂದೆ ನಿಲ್ಲಿಸಿ ಬಂದು ನಡುಮನೆಯಲ್ಲಿ ಬಿದ್ದುಕೊಂಡ. ಸೌಮ್ಯ ಕಿಟಕಿಗಳಿಗೆ ಅಗುಳಿ ಹಾಕಿದಳು, ಬಾಗಿಲ ಸಂದಿಗೆ ಗೋಣಿಚೀಲ ಒತ್ತಿದಳು. ಗೊರಕೆ ರೆಕಾರ್ಡಿಂಗಿನೊಳಗೆ ಬೀಳಬಾರದೆಂದು ಅವನನ್ನು ಮಗ್ಗುಲಿಗೆ ಹೊರಳಿಸಿದಳು.

ಮೊಬೈಲಿನಲ್ಲಿ ತಾಯಿ ಬೀರುವಿನ ಬಾಗಿಲು ಎಳೆದಳು. ಒಳಗೆ ಬಟ್ಟೆಗಳ ನಡುವೆ ಉದ್ದ ಕೂದಲು. ಕೂದಲು ತಾನಾಗಿ ಸರಿಯಿತು. ಹಿಂದೆ ಮುಖ ಇರಲಿಲ್ಲ.

ಸೌಮ್ಯ ಬಾಯಿ ತೆರೆದಳು. ಬರೀ ಗಾಳಿ ಹೊರಟಿತು. ಇನ್ನೊಂದು ಸಲ ತೆರೆದಳು, ಮತ್ತೆ ಅದೇ. ಎರಡನ್ನೂ ಕಳಿಸಿದ್ದಕ್ಕೆ ಮುನಾವರ್ ದನಿ ಸಂದೇಶ ಕಳಿಸಿದ. "ಮೇಡಂ, ಇದು ನಿಟ್ಟುಸಿರು. ಅಮ್ಮ ಹೆದ್ರಿದಾಳೆ, ಸುಸ್ತಾಗಿಲ್ಲ."

ಈ ಮನೆಗೆ ಬಂದು ಹದಿನಾಲ್ಕು ವರ್ಷವಾಯಿತು, ತಾನು ಒಂದು ಸಲವೂ ಕೂಗಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಒಗ್ಗರಣೆಯ ಎಣ್ಣೆ ಪಾದದ ಮೇಲೆ ಚೆಲ್ಲಿದಾಗ ಸೆರಗು ಕಚ್ಚಿಕೊಂಡಿದ್ದಳು. ಹೆರಿಗೆ ನೋವಿನಲ್ಲಿ ಕೂಡ, ಕೂಗಬೇಡ ಎಂದು ಪಕ್ಕದಲ್ಲಿದ್ದವರೆಲ್ಲ ಗದರಿದ್ದರಿಂದ ಮಂಚದ ಸರಳು ಹಿಡಿದುಕೊಂಡಿದ್ದಳು. ಕೂಗು ಗಂಟಲಲ್ಲೇ ಸತ್ತುಹೋಗಿದೆಯೇನೋ. ಕೂಗದಿದ್ದರೆ ಮುನಾವರ್ ಬೇರೆಯವರನ್ನು ಹುಡುಕುತ್ತಾನೆ, ಕೂಗಿದರೆ ಊರು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಎರಡು ಕಡೆಯಿಂದಲೂ ಮೈಕು ಅಟ್ಟ ಹತ್ತುವುದೇ ಕಾಣಿಸಿತು. ಆಗ ಬಂತು ಕೂಗು. ಅದು ತನ್ನದೇ ಎಂದು ಅವಳಿಗೆ ಗುರುತು ಹತ್ತಲಿಲ್ಲ. ಎಂಟಕ್ಕೆ ನಿಲ್ಲದೆ ಹನ್ನೆರಡು ಸೆಕೆಂಡಿನವರೆಗೆ ಹೋಯಿತು.

ಹಿತ್ತಲಲ್ಲಿ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಅಶ್ವಥನ ಗೊರಕೆ ಒಮ್ಮೆ ನಿಂತು ಮತ್ತೆ ಶುರುವಾಯಿತು. ಗೋಡೆಯಾಚೆ ಹುರುಳಿ ಬಡಿಯುತ್ತಿದ್ದ ಪಕ್ಕದ ಮನೆಯ ಬೈರಮ್ಮನ ಕೋಲಿನ ಸದ್ದು ನಿಂತಿತು. ಸೌಮ್ಯ ಬೀರು ಹಿಡಿದುಕೊಂಡೇ ನಿಂತಳು. ಯಾರಾದರೂ ಬಂದರೆ ಹಾವು ಕಂಡಿತು ಅನ್ನಬೇಕು. ಸ್ವಲ್ಪ ಹೊತ್ತಿಗೆ ಕೋಲಿನ ಸದ್ದು ಮತ್ತೆ ಕೇಳಿಸಿತು. ಯಾರೂ ಬರಲಿಲ್ಲ.

'ಸೂಪರ್ ಮೇಡಂ' ಎಂದು ಮುನಾವರ್ ಬರೆದ. ಅವಳು ಸಮಾಧಾನದಿಂದ ಸೊಪ್ಪು ಬಿಡಿಸಲು ಕೂತಳು. ಅರ್ಧ ಕಟ್ಟು ಮುಗಿಯುವ ಹೊತ್ತಿಗೆ ಆ ಸಮಾಧಾನ ಯಾಕೋ ಕರಗಿತು. ನಲವತ್ತು ಮನೆಯ ಬೀದಿ. ಏನಾಯಿತು ಎಂದು ಕೇಳಲು ಒಬ್ಬರಿಗೂ ಕಾಲು ಬರಲಿಲ್ಲವೇ?

ಸಂಜೆ ಪಾಳಿಗೆ ಹೊರಡುವ ಮುಂಚೆ ಅಶ್ವಥ್ ಟೀ ಅಂಗಡಿಗೆ ಹೋಗಿ ಬಂದ. ಬರುವಾಗಲೇ ಮುಖದಲ್ಲಿ ನಗು.

"ಅಂಗ್ಡೀಲಿ ಚಿಕ್ಕಹನುಮಯ್ಯ ಏನಂದ ಗೊತ್ತೇನೆ? 'ಏನ್ಲಾ ಅಶ್ವಥ, ನೈಟ್ ಶಿಫ್ಟ್ ಮುಗ್ಸಿ ಬಂದು ಮನೇಲೂ ಡ್ಯೂಟಿ ಮಾಡುದ್ಯಂತೆ' ಅಂದ."

"ಏನ್ ಡ್ಯೂಟಿ?"

"ನಿಂಗೆ ಹೊಡ್ದೆ ಅಂತ. ಊರೆಲ್ಲ ಅದೇ ಅಂದ್ಕೊಂಡೈತೆ."

ಸೌಮ್ಯಳ ಕೈ ಊಟದ ಡಬ್ಬಿಯ ಮುಚ್ಚಳದ ಮೇಲೆ ನಿಂತಿತು. "ನೀವೇನಂದ್ರಿ?"

"ಏನನ್ನಾನ? ನಕ್ಕಂಡು ಬಂದೆ. ಹೆಂಡ್ರು ಕಾರ್ಟೂನಿಗೆ ಕೂಗ್ತಾಳೆ ಅನ್ನಕಾಯ್ತದಾ? ಒಳ್ಳೇದೇ ಆಯ್ತು ಕಣೆ, ನಿನ್ ಕೆಲ್ಸನೂ ಉಳೀತು. ಇನ್ಮೇಲೆ ಎಷ್ಟಾರ ಕೂಗ್ಕೊ. ಯಾರೂ ಬರಕಿಲ್ಲ."

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಹಸುವಿನ ಹಗ್ಗವನ್ನು ಒಂದು ಮೊಳ ಉದ್ದ ಬಿಟ್ಟವನ ಧಾಟಿ ಅವನದು. ಡಬ್ಬಿ ಎತ್ತಿಕೊಂಡು ಹೋದ. ಸೌಮ್ಯ ಒಲೆಯ ಮುಂದೆ ಕೂತೇ ಇದ್ದಳು. ಹದಿನಾಲ್ಕು ವರ್ಷದಲ್ಲಿ ಅವನು ಎರಡು ಸಲ ಕೈ ಎತ್ತಿ, ಎರಡು ಸಲವೂ ಇಳಿಸಿದ್ದ. ಮೂರನೆಯ ಸಲ ಇಳಿಸದೆ ಹೋದರೆ? ಅವಳು ಕೂಗುತ್ತಾಳೆ, ಕೋಲಿನ ಸದ್ದು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಮುಖವಿಲ್ಲದ ದೆವ್ವವನ್ನು ನೋಡಿದಾಗ ಬಾರದ ಚಳಿ ಈಗ ಅವಳ ಬೆನ್ನಲ್ಲಿ ಹರಿಯಿತು.

ಮರುದಿನ ಬೆಳಿಗ್ಗೆ ಡೈರಿಯಲ್ಲಿ ಹೆಂಗಸರ ಕಣ್ಣೆಲ್ಲ ಅವಳ ತೋಳಿನ ಮೇಲೇ ಇತ್ತು. ಮನೆಗೆ ಬರುವಾಗ ಬೈರಮ್ಮ ತನ್ನ ಬಾಗಿಲಿಗೆ ಕರೆದು ಒಂದು ಬಟ್ಟಲು ಕೈಗಿಟ್ಟಳು.

"ಹರಳೆಣ್ಣೆ ಕಾಯ್ಸಿವ್ನಿ. ಬಾವು ಇದ್ದ ಕಡೆ ಹಚ್ಕೊ."

"ಕೂಗು ಕೇಳಿಸ್ತಾ ಬೈರಮ್ಮಕ್ಕ?"

"ಕೇಳ್ದೆ ಏನು? ನಿಮ್ ಬಾಗ್ಲವರ್ಗೂ ಬಂದೆ ಕಣವ್ವ. ಬೈಕ್ ನಿಂತಿತ್ತು. ಗಂಡ ಹೆಂಡ್ರ ಜಗಳ ಉಂಡು ಮಲಗೋವರ್ಗೆ ಅಂತಾರಲ್ಲ, ನಾವ್ಯಾಕೆ ನಡುವೆ ಅಂತ ವಾಪಸ್ ಹೋದೆ." ಬೈರಮ್ಮ ಮುಖ ಎತ್ತಲಿಲ್ಲ. "ಎರಡು ಸಲ ಕೈ ಎತ್ತುದ್ನಿ, ಬಾಗ್ಲು ಬಡಿಯಕ್ಕೆ."

ಬೈರಮ್ಮನಿಗೆ ಹೇಳಿದರೆ ಡೈರಿಗೇ ಹೇಳಿದಂತೆ, ಸಂಜೆಯೊಳಗೆ ಅತ್ತೆಯ ಕಿವಿಗೂ ಬೀಳುತ್ತದೆ. ಅದೆಲ್ಲ ಗೊತ್ತಿದ್ದೇ ಸೌಮ್ಯ ಜಗಲಿಯ ಮೇಲೆ ಕೂತು ಮೊಬೈಲ್ ತೆಗೆದಳು. ಬೀರು, ಕೂದಲು, ತಾಯಿಯ ಬಾಯಿಂದ ಹೊರಡುವ ತನ್ನ ಕೂಗು, ಎಲ್ಲ ತೋರಿಸಿದಳು.

ಬೈರಮ್ಮ ನಗಲಿಲ್ಲ. "ಇದು ನೀನಾ?" ಎಂದಳು. ಆಮೇಲೆ ಮೆಲ್ಲಗೆ, "ಅಂಗಾರೆ ನಾಳೀಕೆ ನೀನು ನಿಜ್ವಾಗ್ಲೂ ಕೂಗ್ದಾಗ ನಂಗೆ ಹೆಂಗ್ ಗೊತ್ತಾಗ್ಬೇಕು?"

"ಗೊತ್ತಾಗಲ್ಲ ಅಕ್ಕ. ಬಂದೇ ನೋಡ್ಬೇಕು."

ಸುದ್ದಿ ಸಂಜೆಯವರೆಗೆ ಕಾಯಲಿಲ್ಲ. ಕಾವೇರಮ್ಮ ಸೊಸೆ ಬಡಿಸಿದ ತಟ್ಟೆ ತೆಗೆದುಕೊಂಡರು, ಅವಳೊಡನೆ ಮಾತು ಮಾತ್ರ ಬಿಟ್ಟರು. ಅಶ್ವಥ್ ಸ್ಟೂಲು ಹತ್ತಿ ಮೈಕನ್ನು ಅಟ್ಟದ ಮೇಲೆ ಎಸೆದ. "ನಾನು ಉಳ್ಸಿದ್ದೆ, ನೀನೇ ಕಳ್ಕೊಂಡೆ. ಟೀ ಅಂಗ್ಡೀಲಿ ನಾಟಕದೋಳ ಗಂಡ ಅಂದ್ರು ನನ್ನ."

ಮುಂದಿನ ಮಂಗಳವಾರ ಹನ್ನೆರಡನೇ ಕಂತು. ಆರು ಸೆಕೆಂಡು. ಅತ್ತೆ ಕಬ್ಬಾಳಿಗೆ ಹೊರಟಿದ್ದರು, ಗಂಡ ಮಲಗಿದ್ದ. ಸೌಮ್ಯ ಉಸಿರು ಬಿಗಿಹಿಡಿದು ಸ್ಟೂಲು ಹತ್ತಿ ಮೈಕು ಇಳಿಸಿ ಧೂಳು ಒರೆಸಿದಳು. ಈ ಸಲ ಗಂಟಲು ಮೊದಲ ಸಲಕ್ಕೇ ಬಿಟ್ಟುಕೊಟ್ಟಿತು. ಕೂಗು ಮುಗಿಯುವಷ್ಟರಲ್ಲಿ ಹಿಂದೆ ಅಶ್ವಥ್ ನಿಂತಿದ್ದ. ಕಣ್ಣು ಕೆಂಪಗಿತ್ತು.

"ಮೈಕ್ ಇಳ್ಸು ಅಂದೋರ್ ಯಾರು?"

ಅವಳು ಬೀರುವಿಗೆ ಬೆನ್ನು ಒತ್ತಿದಳು. ಅವನು ಒಂದು ಹೆಜ್ಜೆ ಮುಂದೆ ಬಂದ. ಬೆನ್ನ ಹಿಂದೆ ಸೀರೆಗಳು ಅಲುಗಿದವು.

ಬಾಗಿಲು ಬಡಿದ ಸದ್ದಾಯಿತು. ಅಂಗೈಯಿಂದ, ಜೋರಾಗಿ, ಬಿಡದೆ.

ಸೌಮ್ಯ ಅವನ ಪಕ್ಕದಿಂದ ಹಾದು ಹೋಗಿ ಅಗುಳಿ ತೆಗೆದಳು. ಬೈರಮ್ಮ ಏದುಸಿರು ಬಿಡುತ್ತ ನಿಂತಿದ್ದಳು, ತಲೆಯಲ್ಲೆಲ್ಲ ಹುರುಳಿ ಹೊಟ್ಟು.

"ಆಟವೋ, ನಿಜವೋ?"

ಸೌಮ್ಯ ಒಮ್ಮೆ ಹಿಂದೆ ತಿರುಗಿ ನೋಡಿದಳು. "ಇದು ಆಟ ಕಣಕ್ಕ."

ಬೈರಮ್ಮ ಅವಳ ತೋಳು ನೋಡಿದಳು, ಮುಖ ನೋಡಿದಳು, ಅವಳ ಹಿಂದೆ ನಿಂತಿದ್ದವನನ್ನು ನೋಡಿದಳು. "ಆಯ್ತು. ಬಿಸ್ಲು ಜಾಸ್ತಿ ಐತೆ, ಒಸಿ ಇಲ್ಲೇ ಕೂತಿರ್ತೀನಿ" ಎಂದು ಸೌಮ್ಯಳ ಮನೆಯ ಜಗಲಿಯ ಮೇಲೆ ಕಾಲು ಚಾಚಿದಳು. ಅಶ್ವಥ್ ಗೊಣಗುತ್ತ ಹೋಗಿ ಮುಖದ ಮೇಲೆ ಹೊದಿಕೆ ಎಳೆದುಕೊಂಡ.

ರೆಕಾರ್ಡಿಂಗ್ ಕೇಳಿದ ಮುನಾವರ್ ಫೋನು ಮಾಡಿದ. "ಕೂಗು ಚೆನ್ನಾಗೈತೆ ಮೇಡಂ. ಆದ್ರೆ ಅದಾದ್ಮೇಲಿನ ಏದುಸಿರೂ ಬೇಕಿತ್ತು, ಅದ್ರ ಮೇಲೇ ಯಾರೋ ಬಾಗ್ಲು ಬಡಿದವ್ರೆ, ಆ ಸದ್ದು ತೆಗೆಯಕ್ಕೆ ಆಗ್ತಿಲ್ಲ. ಮುಂದಿನ ಸಲ ಕೂಗೋ ಮುಂಚೆ ಅವ್ರಿಗೆ ಒಂದು ಮಾತು ಹೇಳ್ಬಿಡಿ."

ಜಗಲಿಯ ಕಡೆ ನೋಡುತ್ತ ಸೌಮ್ಯ ಹೇಳಿದಳು: "ಹೇಳಲ್ಲ ಸಾರ್. ನಿಮ್ಗೆ ಇನ್ನೊಂದು ಸಲ ಕೂಗಿ ಕಳಿಸ್ತೀನಿ."